ಹತ್ತಕ್ಕೆ ಎಂಟು

ಹಡಗಿನಲ್ಲಿ ಪ್ರವಾಸ ಹೋಗುವವರೆಲ್ಲ ಮೊದಲು ನನ್ನ ಮನೆಗೆ ಬರುತ್ತಾರೆ. ಇಪ್ಪತ್ತಮೂರು ಸಲ ಹೋಗಿಬಂದವಳು ನಾನು, ಹೇಳುವ ಯೋಗ್ಯತೆ ಇದೆ. ಕೋಣೆಯನ್ನು ಹಡಗಿನ ನಡುಮಧ್ಯದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೆಗೆದುಕೊಳ್ಳಿ, ಹೊಟ್ಟೆ ತೊಳಸುವುದು ಕಡಿಮೆ. ಡ್ಯಾನ್ಸ್ ಹಾಲಿನ ಕೆಳಗಂತೂ ಬೇಡವೇ ಬೇಡ, ನಡುರಾತ್ರಿಯವರೆಗೆ ನಿಮ್ಮ ತಲೆಯ ಮೇಲೆಯೇ ಕುಣಿಯುತ್ತಾರೆ. ಊರು ನೋಡಲು ಇಳಿದಾಗ ಕೈಗಡಿಯಾರ ಹಡಗಿನ ಗಂಟೆಯನ್ನೇ ತೋರಿಸುತ್ತಿರಲಿ. ಹಡಗು ಯಾರಪ್ಪನಿಗೂ ಕಾಯುವುದಿಲ್ಲ. ಕೊನೆಯ ದಿನ ಪೆಟ್ಟಿಗೆಗಳನ್ನೆಲ್ಲ ಬಾಗಿಲಾಚೆ ಇಡಿ ಎನ್ನುತ್ತಾರೆ, ಅವರೇ ಒಯ್ದು ದಡಕ್ಕೆ ಮುಟ್ಟಿಸುತ್ತಾರೆ. ಆದರೆ ಮರುದಿನದ ಬಟ್ಟೆ, ಮಾತ್ರೆ, ಹಲ್ಲಿನ ಸೆಟ್ಟು ಕೈಚೀಲದಲ್ಲೇ ಇರಲಿ. ಒಮ್ಮೆ ಪಕ್ಕದ ಕೋಣೆಯ ದೊಡ್ಡ ಮನುಷ್ಯರೊಬ್ಬರು ಇದ್ದ ಪ್ಯಾಂಟುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಬೆಳಿಗ್ಗೆ ಟವೆಲ್ ಸುತ್ತಿಕೊಂಡು ಹಡಗಿಳಿದರು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ನೀವ್ಯಾಕೆ ಈಗ ಹೋಗ್ತಿಲ್ಲ?" ಮಂಡಿನೋವು ಎಂದು ಹೇಳಿ ಸಾಗಹಾಕುತ್ತೇನೆ. ಸುಳ್ಳು. ನನ್ನನ್ನು ಹತ್ತಿಸಿಕೊಳ್ಳುವುದಿಲ್ಲ. ಬದುಕಿರುವವರೆಗೆ ಆ ಕಂಪನಿಯ ಯಾವ ಹಡಗಿಗೂ ಕಾಲಿಡಕೂಡದೆಂದು ಕಾಗದ ಬರೆದುಕೊಟ್ಟು ಇಳಿಸಿದ್ದಾರೆ. ನಮ್ಮ ಬಂದರಿಗೆ ಬರುವುದು ಆ ಒಂದೇ ಕಂಪನಿಯ ಹಡಗುಗಳು. ನಿಜವಾಗಿ ನಡೆದದ್ದು ಏನೆಂದು ನಾನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತಿರುವುದಕ್ಕೆ ಒಂದೇ ಧೈರ್ಯ, ನನ್ನ ನಾದಿನಿಗೆ ಓದುವ ಅಭ್ಯಾಸವಿಲ್ಲ.

ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಮಕ್ಕಳು ನನಗೆ ಇಟ್ಟಿದ್ದ ಹೆಸರು 'ಅರ್ಧಮಾರ್ಕು'. ಉತ್ತರ ಸರಿಯಿದ್ದರೂ ಅದರ ಕೆಳಗೆ ಗೆರೆ ಎಳೆಯದಿದ್ದರೆ ಅರ್ಧ ಮಾರ್ಕು ಕತ್ತರಿಸುತ್ತಿದ್ದೆ. ಪೂರ್ತಿ ಮಾರ್ಕನ್ನು ಯಾರಿಗೂ ಕೊಟ್ಟವಳಲ್ಲ. ಪೂರ್ತಿ ಕೊಟ್ಟರೆ ಮಗು ಇನ್ನು ಕಲಿಯುವುದೇನೂ ಇಲ್ಲ ಅಂದುಕೊಂಡುಬಿಡುತ್ತದೆ ಎಂದು ನಂಬಿದ್ದೆ. ಯಜಮಾನರು ತೀರಿಕೊಂಡ ವರ್ಷವೇ ನಿವೃತ್ತಿಯೂ ಆಯಿತು. ಮನೆಯ ಗೋಡೆಗಳು ತಿನ್ನಲು ಬಂದ ಹಾಗೆ ಅನ್ನಿಸುತ್ತಿತ್ತು. ಯಜಮಾನರ ತಂಗಿ, ಅಂದರೆ ನನ್ನ ನಾದಿನಿ, ಅವಳೂ ಒಂಟಿ. "ಅತ್ತಿಗೆ, ಎದ್ದೇಳಿ, ಹಡಗು ಹತ್ತೋಣ" ಎಂದು ಎಳೆದುಕೊಂಡು ಹೋದಳು. ನೀರಿನ ಮೇಲೆ ನನಗೆ ನಿದ್ದೆ ಬಂತು. ನೆಲದ ಮೇಲೆ ಎಂಟು ತಿಂಗಳಿಂದ ಬಾರದ ನಿದ್ದೆ ಅದು. ಆಮೇಲೆ ಬಿಡಲೇ ಇಲ್ಲ, ವರ್ಷಕ್ಕೆ ಎರಡು ಸಲ, ಮೂರು ಸಲ. ಹಡಗು ನನಗೆ ಮೋಜಾಗಿರಲಿಲ್ಲ, ಔಷಧಿಯಾಗಿತ್ತು.

ಇಪ್ಪತ್ತಮೂರನೆಯ ಪ್ರವಾಸದಲ್ಲಿ ನಮ್ಮ ಕೋಣೆ ನೋಡಿಕೊಳ್ಳಲು ಬಂದವನು ಮೀಸೆ. ಹೆಸರಿನ ಪಟ್ಟಿ ಎದೆಯ ಮೇಲಿತ್ತು, ಆದರೆ ಆ ಮೀಸೆ ನೋಡಿದ ಮೇಲೆ ಹೆಸರು ಯಾರಿಗೆ ಬೇಕು? ನಲವತ್ತಾರು ವರ್ಷ, ಹಡಗಿನಲ್ಲೇ ಹದಿನೇಳು ವರ್ಷ ಸವೆಸಿದವನು. ಹಾಸಿಗೆ ಹಾಸುವುದು, ಕೋಣೆ ಗುಡಿಸುವುದು, ಬಚ್ಚಲು ಉಜ್ಜುವುದು ಅವನ ಕೆಲಸ; ಅಂಥ ಹದಿನಾರು ಕೋಣೆಗಳು ಅವನ ಪಾಲಿಗೆ. ಹಡಗಿನ ಬಚ್ಚಲ ಹೊಸ್ತಿಲು ಗೇಣೆತ್ತರ ಇರುತ್ತದೆ, ನೀರು ಆಚೆ ಬರಬಾರದೆಂದು. ಮೊದಲ ದಿನವೇ ನನ್ನ ಕಾಲು ತಗುಲಿ ಮುಗ್ಗರಿಸಿದೆ. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಬಂದು ನೋಡಿದರೆ ಹೊಸ್ತಿಲಿನ ಉದ್ದಕ್ಕೂ ದಪ್ಪ ಹಳದಿ ಪಟ್ಟಿ ಅಂಟಿಸಿತ್ತು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಗಟ್ಟಿ ಸ್ಟೂಲು.

"ಇದನ್ನ ಯಾರು ಮಾಡಿದ್ದು?" ಎಂದೆ.

"ನಾನೇ ಟೀಚರಮ್ಮ. ನೀವು ಕಾರಿಡಾರ್‌ನಲ್ಲಿ ಎಡಗಾಲು ಸ್ವಲ್ಪ ಎಳೀತಾ ನಡೀತಿದ್ರಿ, ಕಂಡೆ," ಎಂದ. ನಾನು ಗಣಿತದ ಟೀಚರಾಗಿದ್ದೆನೆಂದು ನಾದಿನಿ ಆಗಲೇ ಎಲ್ಲರಿಗೂ ಊದಿದ್ದಳು.

ಮೂರನೆಯ ದಿನ ಸಮುದ್ರ ಕೆರಳಿತು. ಬೀರುವಿನ ಬಾಗಿಲು ಢಬಢಬ ಬಡಿದುಕೊಳ್ಳುತ್ತಿತ್ತು. ಕರೆಯದೇ ಬಂದು ಸಂದಿಗೆ ಟವೆಲ್ ಮಡಿಚಿ ತುರುಕಿದ, ನಾದಿನಿಗೆ ಒಣ ಬ್ರೆಡ್ಡು, ಹುಳಿ ಸೇಬು ತಂದುಕೊಟ್ಟ, ಅವಳು ಕಾರಿಕೊಂಡದ್ದನ್ನು ಮುಖ ಸಿಂಡರಿಸದೆ ಬಳಿದ. ಹೆತ್ತ ಮಕ್ಕಳೂ ಹೀಗೆ ಮಾಡುವುದಿಲ್ಲ. ಅವನ ಮಗಳು ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಳು. ಲೆಕ್ಕದಲ್ಲಿ ಸ್ವಲ್ಪ ಹಿಂದೆ ಎಂದು ಗೊತ್ತಾಗಿ, ಔಷಧಿಯ ಪ್ರಮಾಣ ಲೆಕ್ಕ ಹಾಕುವ ಸುಲಭದ ದಾರಿಯನ್ನು ಎರಡು ಹಾಳೆ ಬರೆದುಕೊಟ್ಟೆ. ಅದನ್ನು ಜೇಬಿನಲ್ಲಿ ಇಟ್ಟುಕೊಂಡು, ಮೇಲಿನಿಂದ ಎರಡು ಸಲ ತಟ್ಟಿಕೊಂಡ.

ಇನ್ನು ಹಾಳೆಯ ವಿಷಯ. ಪ್ರವಾಸ ಮುಗಿಯುವ ಹಿಂದಿನ ದಿನ ಕೋಣೆಗೊಂದು ಹಾಳೆ ಬರುತ್ತದೆ. ಊಟ ಹೇಗಿತ್ತು, ಹಾಸಿಗೆ ಹೇಗಿತ್ತು, ಕೋಣೆ ನೋಡಿಕೊಂಡವನು ಹೇಗಿದ್ದ, ಹತ್ತರಲ್ಲಿ ಎಷ್ಟು ಕೊಡುತ್ತೀರಿ? ಇಪ್ಪತ್ತೆರಡು ಸಲವೂ ಅದನ್ನು ತುಂಬಿದವಳು ನಾದಿನಿ. ಊಟಕ್ಕೆ ಹತ್ತು, ಹಾಸಿಗೆಗೆ ಹತ್ತು, ಮುಖ ತೋರಿಸದ ಸೋಮಾರಿಗೂ ಹತ್ತು. ಈ ಸಲ ಪೆನ್ನು ಕಸಿದುಕೊಂಡೆ. "ನಿನ್ನ ಹತ್ತಕ್ಕೆ ಏನು ಬೆಲೆ? ಕಂಡಕಂಡೋರಿಗೆಲ್ಲ ಹಂಚ್ತೀಯ. ಇವನಿಗೆ ನಿಜವಾದ ಮಾರ್ಕು ಸಿಗಲಿ," ಎಂದೆ. ಕೂತು ಯೋಚಿಸಿ ಎಂಟು ಹಾಕಿದೆ. ಕೆಳಗೆ ಆರು ಸಾಲು ಹೊಗಳಿ ಬರೆದೆ, ಸಹಿ ಮಾಡಿ ಡಬ್ಬಕ್ಕೆ ಹಾಕಿಬಂದೆ. ನನ್ನ ಜೀವಮಾನದಲ್ಲಿ ಹತ್ತಕ್ಕೆ ಎಂಟು ತೆಗೆದುಕೊಂಡವರು ನಾಲ್ಕೇ ಜನ. ಅವರಲ್ಲಿ ಇಬ್ಬರು ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ.

ಮಧ್ಯಾಹ್ನ ಮೀಸೆ ದಿಂಬಿನ ಕವರು ಬದಲಿಸಲು ಬಂದ. ನನಗೋ ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

"ಏನಪ್ಪಾ, ನಿನಗೆ ಎಂಟು ಕೊಟ್ಟಿದ್ದೀನಿ, ಗೊತ್ತಾ?"

ಅವನ ಕೈಯಲ್ಲಿದ್ದ ಕವರು ಅರ್ಧಕ್ಕೇ ನಿಂತಿತು. ಮುಖದ ರಕ್ತವೆಲ್ಲ ಇಳಿದುಹೋಯಿತು. "ತುಂಬಾ ಉಪಕಾರ ಆಯ್ತು ಟೀಚರಮ್ಮ," ಎಂದ. ದಿಂಬಿಗೆ ಕವರು ಹಾಕಿದ, ಮೂಲೆ ಸರಿಮಾಡಿದ, ಹೊರಟ. ಬಾಗಿಲಿಗೆ ಅಡ್ಡ ನಿಂತು ಕೇಳಿದೆ. ಮೊದಲು ಏನೂ ಇಲ್ಲ ಎಂದ. ಗದರಿಸಿದ ಮೇಲೆ ಬಾಯಿಬಿಟ್ಟ.

"ಹತ್ತು, ಒಂಬತ್ತು ಬಂದ್ರೆ ಪಾಸು. ಎಂಟು, ಅದಕ್ಕಿಂತ ಕಮ್ಮಿ ಬಂದ್ರೆ ದೂರು ಅಂತ ಬರ್ಕೋತಾರೆ. ವರ್ಷದಲ್ಲಿ ಮೂರು ದೂರು ಆದ್ರೆ ಮತ್ತೆ ಕರೆಯಲ್ಲ."

"ನಿನಗೆ ಈಗ ಎಷ್ಟಿದೆ?"

"ಎರಡಿತ್ತು. ಒಬ್ರು ಸಮುದ್ರ ತುಂಬ ಅಲ್ಲಾಡ್ತು ಅಂತ ಆರು ಕೊಟ್ರು. ಇನ್ನೊಬ್ರಿಗೆ ಸೋಪಿನ ವಾಸನೆ ಹಿಡಿಸ್ಲಿಲ್ಲ, ಏಳು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸಮುದ್ರ ಅಲ್ಲಾಡಿದ್ದಕ್ಕೆ ಕಸ ಗುಡಿಸುವವನು ಏನು ಮಾಡಬೇಕಿತ್ತು, ಹೋಗಿ ಹಿಡಿದುಕೊಳ್ಳಬೇಕಿತ್ತೇ? ನಲವತ್ತಾರು ವಯಸ್ಸಿನವನನ್ನು ಬೇರೆ ಯಾವ ಹಡಗಿನವರೂ ಹೊಸದಾಗಿ ತೆಗೆದುಕೊಳ್ಳುವುದಿಲ್ಲ ಎಂದು ಅವನೇ ಹೇಳಿದ. ಮಗಳ ಓದು ಇನ್ನೂ ಎರಡು ವರ್ಷ ಇತ್ತು. "ಹೋಗ್ಲಿ ಬಿಡಿ ಟೀಚರಮ್ಮ, ನೀವು ಬೇಕಂತ ಮಾಡಿದ್ದಲ್ಲ," ಎಂದು ನನಗೇ ಸಮಾಧಾನ ಹೇಳಿ ಹೋದ. ನಾದಿನಿ ಹಾಸಿಗೆಯ ಮೇಲೆ ಕೂತು, "ಅಯ್ಯೋ ಅತ್ತಿಗೆ, ನಿಮ್ಮ ಹಾಳು ಮಾರ್ಕೇ!" ಎಂದು ಹಣೆ ಚಚ್ಚಿಕೊಂಡಳು. ಅವಳ ಮೇಲೆ ಸಿಟ್ಟು ಬಂತು, ಅವಳು ಹೇಳಿದ್ದು ನಿಜವಾದ್ದರಿಂದ ಇನ್ನೂ ಹೆಚ್ಚು ಬಂತು.

ನೇರ ಕೆಳಗಿನ ಕೌಂಟರಿಗೆ ಹೋದೆ. ಕೌಂಟರಿನ ಹುಡುಗಿ, ಹಾಳೆ ವಾಪಸು ಕೊಡಲು ಆಗುವುದಿಲ್ಲ, ದೊಡ್ಡವರನ್ನು ಕೇಳಿ ಎಂದಳು. ದೊಡ್ಡವರು ಎಂದರೆ ಕೋಣೆ, ಊಟ ಎಲ್ಲದರ ಮೇಲ್ವಿಚಾರಕ. ಬಿಳಿ ಕೋಟು, ಭುಜದ ಮೇಲೆ ಚಿನ್ನದ ಪಟ್ಟಿ, ತುಟಿಗೆ ಹೊಲಿದಂಥ ನಗು.

"ನಾನು ಕೊಟ್ಟ ಮಾರ್ಕನ್ನ ನಾನೇ ತಿದ್ದಬೇಕು," ಎಂದೆ.

"ಹಾಗೆಲ್ಲ ಆಗಲ್ಲ ಮೇಡಂ. ಒಂದ್ಸಲ ಡಬ್ಬಕ್ಕೆ ಬಿದ್ರೆ ಮುಗೀತು. ಇಲ್ದಿದ್ರೆ ಕೆಲಸದೋರು ನಿಮ್ಮ ಕಾಲಿಗೆ ಬಿದ್ದು ತಿದ್ದಿಸ್ಕೋತಾರೆ."

"ಕೆಳಗೆ ಆರು ಸಾಲು ಬರೆದಿದ್ದೀನಿ. ಅದನ್ನಾದ್ರೂ ಓದಿ."

"ಬರೆದಿದ್ದನ್ನ ಯಾರೂ ಓದಲ್ಲ ಮೇಡಂ. ಮಶೀನು ಅಂಕಿ ಮಾತ್ರ ಓದುತ್ತೆ. ಬೆಳಿಗ್ಗೆ ಎಂಟು ಗಂಟೆಗೆ ಲೆಕ್ಕ ಹೆಡ್ಡಾಫೀಸಿಗೆ ಹೋಗುತ್ತೆ."

"ಹತ್ತಕ್ಕೆ ಎಂಟು ಅನ್ನೋದು ದೂರು ಹೇಗಾಗುತ್ತೆ ಸ್ವಾಮಿ? ಯಾವ ಸ್ಕೂಲಲ್ಲಿ ಕಲಿಸಿದ್ರು ನಿಮಗೆ?"

"ನೀವು ಗಣಿತದ ಟೀಚರ್ ಅಂತೆ," ಎಂದ ನಗುತ್ತಲೇ. "ಎಂಟು ಅಂದ್ರೆ ಹತ್ತಲ್ಲ ಅಂತ ನಿಮಗೆ ನಾನು ಹೇಳ್ಬೇಕಾ?"

ಮೈಯೆಲ್ಲ ಉರಿದುಹೋಯಿತು. ಉಗಿದು ಉಪ್ಪಿನಕಾಯಿ ಹಾಕಿದೆ. ಮನುಷ್ಯನ ಬೆವರನ್ನು ಮಶೀನಿಗೆ ಕೊಟ್ಟು ಅಳೆಸುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದೆ. ಅವನು ಪೂರ್ತಿ ಕೇಳಿಸಿಕೊಂಡು, ನಮ್ಮ ವಿಶೇಷ ಅತಿಥಿಗಳ ಅಭಿಪ್ರಾಯ ನಮಗೆ ಬಹಳ ಮುಖ್ಯ ಎಂದು ಬಾಗಿ ಕೈಮುಗಿದು ಹೋದ. ಇಪ್ಪತ್ತು ಪ್ರವಾಸ ದಾಟಿದವರಿಗೆ ಒಂದು ಕಾರ್ಡು ಕೊಡುತ್ತಾರೆ, ವಿಶೇಷ ಅತಿಥಿ ಎಂದು. ಆ ಕಾರ್ಡಿದ್ದವರು ಬೈದರೂ ಅವರಿಗೆ ಬೆಲ್ಲ.

ಕೌಂಟರಿನ ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು. ನನಗೆ ಒಂದು ಲೋಟ ನೀರು ಕೊಟ್ಟಳು.

"ಒಂದೇ ಒಂದು ದಾರಿಯೂ ಇಲ್ವೇನಮ್ಮಾ?"

"ಇಲ್ಲ ಆಂಟಿ. ಹಡಗಿಂದ ಹೊರಗೆ ಹಾಕಿದವರ ಹಾಳೆ ಮಾತ್ರ ಲೆಕ್ಕಕ್ಕೆ ತಗೊಳಲ್ಲ. ಅದು ತಾನಾಗೇ ರದ್ದಾಗುತ್ತೆ."

"ಯಾರನ್ನ ಹೊರಗೆ ಹಾಕ್ತಾರೆ?"

"ಕೆಲಸದೋರ ಮೇಲೆ ಕೈ ಮಾಡಿದ್ರೆ, ಏನಾದ್ರೂ ಎಸೆದ್ರೆ. ಬರೀ ಬೈದ್ರೆ ಇಲ್ಲ, ಬೈಗುಳ ನಮಗೆ ದಿನಾ ಇದ್ದಿದ್ದೇ." ಆಮೇಲೆ ನನ್ನ ಮುಖ ನೋಡಿ ಗಾಬರಿಯಾದಳು. "ಬೇಡ ಆಂಟಿ! ಹೋದ ವರ್ಷ ಒಬ್ರು ಹಾಗೇ ಮಾಡೋಕೆ ಹೋಗಿದ್ರು. ಆಮೇಲೆ ಕೆಲಸದೋನಿಗೆ ಹೇಳಿದ್ರು, ನಿನಗೋಸ್ಕರ ಮಾಡಿದ್ದು ಅಂತ. ಅದು ಮೇಲೆ ಗೊತ್ತಾಯ್ತು, ಅವನೇ ಹೇಳ್ಕೊಟ್ಟಿದ್ದಾನೆ ಅಂತ ಅವನನ್ನ ಅವತ್ತೇ ಇಳಿಸಿಬಿಟ್ರು."

ಸರಿ, ಹಾಗಾದರೆ ಯಾರಿಗೂ ಹೇಳುವ ಹಾಗಿಲ್ಲ. ಮೀಸೆಗೂ ಇಲ್ಲ. ನಾದಿನಿಗಂತೂ ಇಲ್ಲವೇ ಇಲ್ಲ, ಅವಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ.

ಬೆಳಿಗ್ಗೆ ಏಳು ಗಂಟೆ. ತಿಂಡಿಯ ಹಾಲಿನಲ್ಲಿ ಮುನ್ನೂರು ಜನ. ಬಿಳಿ ಕೋಟು ಪ್ರತಿ ಮೇಜಿಗೂ ಹೋಗಿ ವಿದಾಯ ಹೇಳುತ್ತಾ ಬರುತ್ತಿದ್ದ. ನಾನು ಮೂವತ್ತನಾಲ್ಕು ವರ್ಷದಲ್ಲಿ ಒಂದು ಮಗುವಿನ ಕಿವಿಯನ್ನೂ ಹಿಂಡಿದವಳಲ್ಲ, ಬೆತ್ತ ಮುಟ್ಟಿದವಳಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು. ಆಗ ಆ ಮಾತು ನೆನಪಾಯಿತು, ಬರೆದಿದ್ದನ್ನ ಯಾರೂ ಓದಲ್ಲ ಮೇಡಂ. ಟೊಮೆಟೊ ರಸದ ಜಗ್ಗು ಎತ್ತಿಕೊಂಡೆ, ಅವನು ನಮ್ಮ ಮೇಜಿಗೆ ಬಂದು ಬಾಗಿದಾಗ ಎದೆಯ ಮೇಲೆ ಪೂರ್ತಿ ಸುರಿದೆ.

ಬಿಳಿ ಕೋಟು ಕೆಂಪಗೆ ಸೋರುತ್ತಿತ್ತು. ಅವನೇನು ಮಾಡಿದ ಗೊತ್ತೇ? ನಕ್ಕ!

"ಪರವಾಗಿಲ್ಲ ಮೇಡಂ, ಕೈ ಜಾರ್ತು, ಹಡಗು ಅಲ್ಲಾಡಿತಲ್ಲ," ಎಂದ. ಹಡಗು ದಡಕ್ಕೆ ಕಟ್ಟಿಹಾಕಿ ಒಂದು ಗಂಟೆಯಾಗಿತ್ತು. ಆ ದರಿದ್ರ ಕಾರ್ಡಿನ ಮಹಿಮೆ.

"ಜಾರಲಿಲ್ಲ ಕಣಯ್ಯಾ, ಸುರಿದೆ!" ಎಂದು ಕೂಗಿದೆ. ಕಿತ್ತಳೆ ರಸದ ಜಗ್ಗನ್ನೂ ಎತ್ತಿ ಎರಚಿದೆ. ಬೆಣ್ಣೆ ಬಟ್ಟಲು ಎಸೆದೆ, ಅದು ಭುಜದ ಚಿನ್ನದ ಪಟ್ಟಿಗೆ ಬಡಿಯಿತು. ಗುರಿ ಇಟ್ಟದ್ದು ಹೊಟ್ಟೆಗೆ. ಸುಳ್ಳು ಹೇಳುವುದಿಲ್ಲ, ಎರಡನೆಯ ಜಗ್ಗಿನ ಹೊತ್ತಿಗೆ ನಾಟಕ ಮುಗಿದಿತ್ತು. ಅದು ನಿಜವಾದ ಸಿಟ್ಟು, ಹೊಟ್ಟೆಯೊಳಗಿಂದ ಬಂದದ್ದು. ನಾದಿನಿ, "ಅತ್ತಿಗೆ! ಅತ್ತಿಗೆ! ಏನಾಯ್ತು ನಿಮಗೆ?" ಎಂದು ನನ್ನ ಸೊಂಟ ಹಿಡಿದು ಜೋತುಬಿದ್ದಿದ್ದಳು. ಕಾವಲಿನವರು ಇಬ್ಬರು ಓಡಿಬಂದರು.

ಚಿಕ್ಕ ಕೋಣೆಯೊಂದರಲ್ಲಿ ಕೂರಿಸಿ ಕಾರಣ ಕೇಳಿದರು. ಕಾರಣ ಯೋಚಿಸಿಯೇ ಇರಲಿಲ್ಲ, ನೋಡಿ ನನ್ನ ಬುದ್ಧಿ. ಬಾಯಿಗೆ ಬಂದದ್ದು ಹೇಳಿದೆ. "ಚಹಾ ತಣ್ಣಗಿತ್ತು." ಅದನ್ನೇ ಬರೆದುಕೊಂಡರು. ಏಳೂ ಮುಕ್ಕಾಲಿಗೆ ನನ್ನ ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿದರು, ಕಾಗದಕ್ಕೆ ಸಹಿ ಹಾಕಿಸಿಕೊಂಡರು. "ನಾನು ತುಂಬಿದ ಹಾಳೆ?" ಎಂದು ಕೇಳಿದೆ. "ಅದೆಲ್ಲ ಈಗಲೇ ರದ್ದಾಯ್ತು, ನಿಮ್ಮ ಅಭಿಪ್ರಾಯ ನಮಗೆ ಬೇಡ," ಎಂದ ಒಬ್ಬ ಗಡುಸಾಗಿ. ಎಂಟು ಗಂಟೆಗೆ ಇನ್ನೂ ಹದಿನೈದು ನಿಮಿಷವಿತ್ತು.

ಕಾವಲಿನವರ ನಡುವೆ ನನ್ನನ್ನು ತಿಂಡಿಯ ಹಾಲಿನ ಮೂಲಕವೇ ಕರೆದುಕೊಂಡು ಹೊರಟರು. ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಬ್ರಷ್ಷಿನಿಂದ ಉಜ್ಜುತ್ತಿದ್ದವನು ಮೀಸೆ. ಕೈ ಸಾಲದೆಂದು ಅವನನ್ನೂ ಕರೆಸಿದ್ದರು. ಬಕೆಟ್ಟಿನ ನೀರು ಕೆಂಪಾಗಿತ್ತು. ಚಹಾದ ಸುದ್ದಿ ಆಗಲೇ ಅವನ ಕಿವಿಗೂ ಬಿದ್ದಿತ್ತು. ತಲೆಯೆತ್ತಿ ನೋಡಿದ, ಎದ್ದು ನಿಂತ.

"ತಣ್ಣಗಿನ ಚಹಾಕ್ಕೆ ಇಷ್ಟಾ ಟೀಚರಮ್ಮ?"

ನಾನು ಬಕೆಟ್ಟಿನ ಕಡೆ ನೋಡಿದೆ.

"ನೀವು ಎಂಟು ಕೊಟ್ರಲ್ಲ, ಬೇಜಾರಾಗಿತ್ತು, ಆದ್ರೂ ಸಿಟ್ಟು ಬರ್ಲಿಲ್ಲ. ದೊಡ್ಡೋರು, ಕಲಿತೋರು, ತಿಳೀದೆ ಮಾಡಿದ್ರು ಅಂದ್ಕೊಂಡೆ. ಅವರು ಆಫೀಸರ್ ಇರಬಹುದು, ಆದ್ರೆ ನಮ್ಮ ಥರಾನೇ ಸಂಬಳಕ್ಕೆ ದುಡಿಯೋರು. ನಾವೂ ಮನುಷ್ಯರೇ ಅಲ್ವಾ?" ಜೇಬಿನಿಂದ ಆ ಎರಡು ಹಾಳೆ ತೆಗೆದ, ಮಗಳಿಗೆಂದು ನಾನು ಬರೆದುಕೊಟ್ಟವು. ನನ್ನ ಕೈಗೆ ತುರುಕಿದ. "ಇದನ್ನೂ ತಗೊಂಡ್ಹೋಗಿ. ನನ್ನ ಮಗಳು ನಿಮ್ಮ ಹತ್ರ ಕಲಿಯೋದು ಏನೂ ಇಲ್ಲ."

ಒಂದು ಮಾತು ಸಾಕಿತ್ತು. ಒಂದು ಕಣ್ಸನ್ನೆ ಸಾಕಿತ್ತು. ಆದರೆ ಎಡಕ್ಕೊಬ್ಬ, ಬಲಕ್ಕೊಬ್ಬ ಕಾವಲಿನವನು ನಿಂತಿದ್ದ. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡು, ಹಾಳೆಗಳನ್ನು ಕೈಚೀಲಕ್ಕೆ ಹಾಕಿ ಇಳಿದೆ. ನಾದಿನಿ ನಾಚಿಕೆಯಿಂದ ನನ್ನ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದಳು.

ಮೂರು ತಿಂಗಳು ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅತ್ತಿಗೆಯ ತಲೆಗೆ ಏನೋ ಆಗಿದೆ, ಡಾಕ್ಟರಿಗೆ ತೋರಿಸಬೇಕು ಎಂದು ಬಂಧುಬಳಗಕ್ಕೆಲ್ಲ ಸಾರಿದಳು. ತೋರಿಸಿಕೊಂಡೆ, ಮಾತ್ರೆ ಕೊಟ್ಟರು, ನುಂಗಲಿಲ್ಲ. ನಿದ್ದೆ ಮತ್ತೆ ಬಿಟ್ಟುಹೋಗಿತ್ತು. ಎಷ್ಟೋ ಬೆಳಗುಗಳಲ್ಲಿ ಅನ್ನಿಸುತ್ತಿತ್ತು, ಎಲ್ಲ ಕಳೆದುಕೊಂಡೆ, ಅವನ ಕೆಲಸ ಉಳಿಯಿತೋ ಇಲ್ಲವೋ ಅದೂ ಗೊತ್ತಿಲ್ಲ. ಕೇಳುವುದಾದರೂ ಯಾರನ್ನು?

ಐದನೆಯ ತಿಂಗಳು ನಾದಿನಿ ಪಕ್ಕದ ಮನೆಯಾಕೆಯ ಜೊತೆ ಅದೇ ಹಡಗಿಗೆ ಹೋದಳು. ಬಂದವಳು ಚೀಲ ಇಳಿಸುವ ಮೊದಲೇ ಶುರುಮಾಡಿದಳು.

"ಮೀಸೆ ಅದೇ ಅಂತಸ್ತಿನಲ್ಲಿದ್ದಾನೆ ಅತ್ತಿಗೆ! ಇನ್ನೂ ಎರಡು ವರ್ಷ ಕೆಲಸಕ್ಕೆ ಬರೆಸ್ಕೊಂಡಿದ್ದಾರಂತೆ ಅವನನ್ನ."

ನಾನು ಒಲೆಯ ಕಡೆ ತಿರುಗಿಕೊಂಡೆ. "ಹೌದಾ? ಮಗಳು ಓದ್ತಿದ್ದಾಳಂತಾ?"

"ಓದ್ತಿದ್ದಾಳೆ, ಓದ್ತಿದ್ದಾಳೆ. ನನ್ನನ್ನ ಚೆನ್ನಾಗಿ ನೋಡ್ಕೊಂಡ ಪಾಪ. ಆದ್ರೆ ನಿಮ್ಮ ಸುದ್ದಿ ಎತ್ತಿದ್ದೇ ತಡ, ಮುಖ ಹೇಗೆ ಮಾಡಿದ ಅಂತೀರಿ! 'ಆ ಹೆಂಗಸಿನ ಮಾತು ಬೇಡಮ್ಮ' ಅಂದ. ಹೆಂಗಸು ಅಂತೆ! ನನಗೂ ರೇಗಿಹೋಯ್ತು. ಎಷ್ಟಾದ್ರೂ ನಮ್ಮ ಅತ್ತಿಗೆ ಅಲ್ವಾ? ನೀವು ಬದುಕಿದ್ದೀರೋ ಸತ್ತಿದ್ದೀರೋ ಅಂತಾನೂ ಕೇಳಲಿಲ್ಲ, ಎಂಥಾ ಸೊಕ್ಕು ನೋಡಿ ಅವನಿಗೆ!"

"ಬಾಯಿ ಮುಚ್ಚು!" ಎಂದು ಕಿರುಚಿದೆ. ಅವಳು ಬೆಚ್ಚಿಬಿದ್ದಳು. "ಅವನನ್ನ ಒಂದು ಮಾತು ಅಂದ್ರೆ ಚೆನ್ನಾಗಿರಲ್ಲ ನೋಡು. ಅವನು ಯಾಕೆ ಕೇಳ್ಬೇಕು? ಮಂಡಿಯೂರಿ ನಾನು ಚೆಲ್ಲಿದ್ದನ್ನ ಉಜ್ಜಿದೋನು ಅವನು. ಅವನಿಗೆ ಅಷ್ಟು ಸೊಕ್ಕಾದ್ರೂ ಬೇಡ್ವಾ?"

"ನಿಮಗೆ ಮತ್ತೆ ಶುರುವಾಯ್ತು," ಎಂದು ಗೊಣಗುತ್ತಾ ನಾದಿನಿ ಮುಖ ತೊಳೆಯಲು ಹೋದಳು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅವಳಿಗೆ ಕೇಳಬಾರದೆಂದು ನಲ್ಲಿಯನ್ನು ಜೋರಾಗಿ ಬಿಟ್ಟು, ಅತ್ತೆ.